ಮೆಟ್ಟಿಲು ಹತ್ತುವವರೇ ಇಲ್ಲ
ವರ್ಚುವಲ್ ಲೋಕದಲ್ಲಿ ಕಟ್ಟಡ ಬೀಳುವ ಭಯವಿಲ್ಲ, ಹಾಗಾಗಿ ಆರ್ಕಿಟೆಕ್ಟ್‌ಗೆ ಯಾವ ಕಟ್ಟುಪಾಡೂ ಇಲ್ಲ ಎನ್ನುತ್ತದೆ ನಾನು ಓದಿದ ಒಂದು ಲೇಖನ. ಅಷ್ಟು ಸಲೀಸಲ್ಲ. 2003ರಲ್ಲಿ ಶುರುವಾದ, ಅಂಥದ್ದೇ ಒಂದು ಆನ್‌ಲೈನ್ ಲೋಕವಾದ ಸೆಕೆಂಡ್ ಲೈಫ್‌ನಲ್ಲಿ ನಾನೂ ಒಂದು ಮನೆ ಕಟ್ಟಿದ್ದೆ. ನಮ್ಮ ಮನೆಯದ್ದೇ ಅಳತೆ, ಹತ್ತಡಿ ಎತ್ತರದ ಚಾವಣಿ. ಒಳಗೆ ಹೋದರೆ ಕಣ್ಣಿಗೆ ಬರೀ ಗೋಡೆ! ಅಲ್ಲಿ ನಮಗೆ ನೋಟ ತೋರಿಸುವ ಕ್ಯಾಮೆರಾ ನಮ್ಮ ಅವತಾರದ, ಅಂದರೆ ಪರದೆಯಲ್ಲಿ ನಮ್ಮ ಬದಲು ಓಡಾಡುವ ಗೊಂಬೆಯ, ಬೆನ್ನ ಹಿಂದೆ, ತಲೆಗಿಂತ ಮೇಲಿರುತ್ತದೆ. ಸಣ್ಣ ಕೋಣೆಯಲ್ಲಿ ಅದಕ್ಕೆ ಜಾಗವೇ ಸಾಲದು. ಕೊನೆಗೆ ಎಲ್ಲವನ್ನೂ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗಿಸಿದೆ. ಮೆಟ್ಟಿಲು ಬೇರೆ ಕಟ್ಟಿದ್ದೆ, ಸುಮ್ನೆ. ಅಲ್ಲಿ ಎಲ್ಲರೂ ಹಾರಬಲ್ಲರು, ಮೆಟ್ಟಿಲು ಯಾಕೆ ಹತ್ತುತ್ತಾರೆ, ಅಲ್ವಾ? ಮತ್ತೆ 512 ಚದರ ಮೀಟರ್ ಸೈಟಿಗೆ ಆಗ ಸಿಗುತ್ತಿದ್ದದ್ದು 117 ಪ್ರಿಮ್, ಅಂದರೆ ಕಟ್ಟುವ ತುಂಡುಗಳು. ಒಂದೊಂದೂ 10 ಮೀಟರ್ ಮೀರುವಂತಿರಲಿಲ್ಲ. ಕಿಟಕಿಯ ಸರಳುಗಳಿಗೇ ಅರ್ಧ ಖರ್ಚಾಗಿ, ಅಡುಗೆಮನೆಗೆ ಬಾಗಿಲೇ ಇಡಲಿಲ್ಲ.