ಬ್ಯಾಂಡಿನ ಹೆಸರು, ಸೆಷನ್ ಡ್ರಮ್ಮರ್‌ನ ಕೈ: ಇದು ಸರಿಯೇ?

ರಾಕ್ ಬ್ಯಾಂಡುಗಳ ಮ್ಯಾನೇಜರುಗಳು ತಮ್ಮ ಆತ್ಮಕಥೆಗಳಲ್ಲೂ ಸಂದರ್ಶನಗಳಲ್ಲೂ ಹೇಳುವ ಪ್ರಸಂಗಗಳಲ್ಲಿ ಒಂದು ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಬ್ಯಾಂಡು ಸ್ಟುಡಿಯೋಗೆ ಬರುತ್ತದೆ, ಡ್ರಮ್ಮರ್ ನುಡಿಸಿದ್ದು ನಿರ್ಮಾಪಕರಿಗೆ ಹಿಡಿಸುವುದಿಲ್ಲ, ಸಂಭಾವನೆ ಕೊಟ್ಟು ಕರೆಸಿದ ಸೆಷನ್ ಡ್ರಮ್ಮರ್ ಒಬ್ಬರು ಆ ಜಾಗದಲ್ಲಿ ಬಂದು ಕೂರುತ್ತಾರೆ. ಬ್ಯಾಂಡಿನ ಹೆಸರಿನಲ್ಲಿ ಮಾರಾಟವಾಗುವ ಧ್ವನಿಮುದ್ರಿಕೆಗೆ ಹೀಗೆ ಹೊರಗಿನವರಿಂದ ನುಡಿಸುವುದು ನ್ಯಾಯವೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ವೇದಿಕೆಯ ಮೇಲೆ ನುಡಿಸುವುದು ಮತ್ತು ಮೈಕಿನ ಮುಂದೆ ನುಡಿಸುವುದು ಎರಡು ಬೇರೆ ಬೇರೆ ವಿದ್ಯೆಗಳು. ಇದನ್ನು ಒಪ್ಪದೆ ಈ ಚರ್ಚೆಯನ್ನು ಆರಂಭಿಸಲಾಗದು. ಕುಣಿಯುವ ಜನರ ಗದ್ದಲದ ನಡುವೆ ಡ್ರಮ್ಮರ್ ಸ್ವಲ್ಪ ಓಡಿದರೂ, ಸ್ವಲ್ಪ ಎಳೆದರೂ ಯಾರಿಗೂ ತಿಳಿಯುವುದಿಲ್ಲ. ಸ್ಟುಡಿಯೋದಲ್ಲಿ ಅದೇ ಏರುಪೇರು ಟೇಪಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಆಗ ಎರಡು ಟ್ರ್ಯಾಕುಗಳ ಟೇಪಿನ ಮೇಲೆ ಇಡೀ ಬ್ಯಾಂಡನ್ನು ಒಟ್ಟಿಗೆ ಧ್ವನಿಮುದ್ರಿಸುತ್ತಿದ್ದುದರಿಂದ ಡ್ರಮ್ಮನ್ನು ಮಾತ್ರ ಆಮೇಲೆ ತಿದ್ದುವ ದಾರಿಯೇ ಇರಲಿಲ್ಲ. ಲಯ ಒಂದು ಟೇಕಿನಿಂದ (ಹಾಡನ್ನು ಒಮ್ಮೆ ನುಡಿಸಿ ಮುದ್ರಿಸಿದ ಪ್ರಯತ್ನದಿಂದ) ಇನ್ನೊಂದಕ್ಕೆ ಬದಲಾದರೆ ಎರಡರ ಒಳ್ಳೆಯ ಭಾಗಗಳನ್ನು ಕತ್ತರಿಸಿ ಜೋಡಿಸುವುದೂ ಆಗದು. ಒಂದು ಸೆಷನ್ನಿನ ಅವಧಿ ಮೂರು ಗಂಟೆ. ಆ ಗಡುವಿನೊಳಗೆ ಹಾಡು ಮುಗಿಯಬೇಕಿತ್ತು.

ಈ ಹಿನ್ನೆಲೆಯಲ್ಲಿ ನೋಡಿದರೆ, 1962ರ ಜೂನ್ 6ರಂದು ಬೀಟಲ್ಸ್ ನುಡಿಸಿದ್ದನ್ನು ಕೇಳಿದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಅವರಿಗೆ ಹೇಳಿದ ಮಾತಿನಲ್ಲಿ ಕ್ರೌರ್ಯವೇನೂ ಕಾಣುವುದಿಲ್ಲ. ಧ್ವನಿಮುದ್ರಣಕ್ಕೆ ಮಾತ್ರ ತಾನು ಸೆಷನ್ ಡ್ರಮ್ಮರನ್ನು ಕರೆಸುತ್ತೇನೆ ಎಂದರು, ಅಷ್ಟೆ. ಅದು ಆಗಿನ ವಾಡಿಕೆ. ಎರಡು ವರ್ಷಗಳ ನಂತರ ಕಿಂಕ್ಸ್ ಬ್ಯಾಂಡು 'ಯು ರಿಯಲಿ ಗಾಟ್ ಮಿ' ಹಾಡನ್ನು ಧ್ವನಿಮುದ್ರಿಸಿದಾಗ ಡ್ರಮ್ಸ್ ನುಡಿಸಿದವರು ಸೆಷನ್ ಡ್ರಮ್ಮರ್ ಬಾಬಿ ಗ್ರಹಾಂ. ಬ್ಯಾಂಡಿನ ಡ್ರಮ್ಮರ್ ಮಿಕ್ ಏವರಿ ಅವರ ಪಾಲಿಗೆ ಬಂದದ್ದು ಟ್ಯಾಂಬೊರಿನ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ತಾಳವಾದ್ಯ. ಆ ಹಾಡು ಕಿಂಕ್ಸ್‌ನದಲ್ಲ ಎಂದು ಇವತ್ತಿಗೂ ಯಾರೂ ಹೇಳುವುದಿಲ್ಲ. ಏವರಿ ಮುಂದೆ ಇಪ್ಪತ್ತು ವರ್ಷ ಅದೇ ಬ್ಯಾಂಡಿನಲ್ಲಿದ್ದರು.

ಸೆಷನ್ ಡ್ರಮ್ಮರ್ ಎಂದರೆ ಜೀವವಿಲ್ಲದ ಯಂತ್ರ ಎಂಬ ಕಲ್ಪನೆಯೂ ತಪ್ಪು. ಲಾಸ್ ಏಂಜಲೀಸಿನ ಹ್ಯಾಲ್ ಬ್ಲೇನ್ ಅವರನ್ನೇ ತೆಗೆದುಕೊಳ್ಳಿ. 1963ರ 'ಬಿ ಮೈ ಬೇಬಿ' ಹಾಡಿನ ಆರಂಭದಲ್ಲಿ ಕಾಲಿನಿಂದ ನುಡಿಸುವ ದೊಡ್ಡ ಬಾಸ್ ಡ್ರಮ್ಮಿನ ಮೂರು ಹೊಡೆತಗಳ ಬೆನ್ನಿಗೆ ಚುರುಕು ದನಿಯ ಸ್ನೇರ್ ಡ್ರಮ್ಮಿನ ಒಂದೇ ಒಂದು ಪೆಟ್ಟು ಕೇಳುತ್ತದೆ. ಎರಡನೆಯ ಮಾತ್ರೆಯ ಮೇಲೂ ಸ್ನೇರ್ ಬೀಳಬೇಕಿತ್ತು, ಅದು ಕೈತಪ್ಪಿತು, ಹಾಗಾಗಿ ನಾಲ್ಕನೆಯದನ್ನು ಮಾತ್ರ ಉಳಿಸಿಕೊಂಡೆ ಎಂದು ಬ್ಲೇನ್ ಹೇಳುತ್ತಿದ್ದರು. ತಪ್ಪಿದ ಪೆಟ್ಟನ್ನು ಆ ಕ್ಷಣದಲ್ಲೇ ಹಾಡಿನ ಗುರುತಾಗಿಸುವ ಜಾಣ್ಮೆ ಅನುಭವದಿಂದ ಮಾತ್ರ ಬರುತ್ತದೆ. 1965ರಲ್ಲಿ ಬರ್ಡ್ಸ್ ಬ್ಯಾಂಡಿನ ಮೊದಲ ಬಿಡಿ ಹಾಡಿನ ಧ್ವನಿಮುದ್ರಿಕೆ, ಅಂದರೆ ಸಿಂಗಲ್‌ಗೂ ಇದೇ ಬ್ಲೇನ್ ನುಡಿಸಿದರು. ಬ್ಯಾಂಡಿನವರಲ್ಲಿ ಅಂದು ವಾದ್ಯ ಹಿಡಿದವರು ರಾಜರ್ ಮೆಕ್‌ಗ್ವಿನ್ ಒಬ್ಬರೇ. ಆ ಸಿಂಗಲ್ ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು, ಬ್ಯಾಂಡಿಗೆ ನೆಲೆ ಸಿಕ್ಕಿತು.

ಇದನ್ನು ಮುಚ್ಚುಮರೆಯಿಲ್ಲದೆ, ಯಾರನ್ನೂ ಹೊರಗಟ್ಟದೆ ಮಾಡಲು ಸಾಧ್ಯವೆಂಬುದಕ್ಕೆ ಡೈರ್ ಸ್ಟ್ರೇಟ್ಸ್ ಬ್ಯಾಂಡಿನ 1985ರ 'ಬ್ರದರ್ಸ್ ಇನ್ ಆರ್ಮ್ಸ್' ಒಳ್ಳೆಯ ನಿದರ್ಶನ. ಟೆರಿ ವಿಲಿಯಮ್ಸ್ ನುಡಿಸಿದ ಭಾಗಗಳು ಸರಿಹೋಗಲಿಲ್ಲವೆಂದು ಒಮರ್ ಹಕೀಂ ಅವರನ್ನು ಕರೆಸಲಾಯಿತು. ಅವರು ಎರಡೇ ದಿನಗಳಲ್ಲಿ ಡ್ರಮ್ಮಿನ ಭಾಗಗಳನ್ನು ಹೊಸದಾಗಿ ನುಡಿಸಿಕೊಟ್ಟರು. 'ಮನಿ ಫಾರ್ ನಥಿಂಗ್' ಹಾಡಿನ ಆರಂಭದಲ್ಲಿ ಅಬ್ಬರಿಸುವ ಡ್ರಮ್ಸ್ ಮಾತ್ರ ವಿಲಿಯಮ್ಸ್ ಅವರದಾಗಿಯೇ ಉಳಿಯಿತು. ಇಬ್ಬರ ಹೆಸರೂ ಮುದ್ರಣವಾಯಿತು, ಮುಂದಿನ ಪ್ರವಾಸಕ್ಕೆ ವಿಲಿಯಮ್ಸ್ ಅವರೇ ಹೋದರು. ಆ ಬ್ಯಾಂಡಿನ ಮ್ಯಾನೇಜರ್ ಎಡ್ ಬಿಕ್ನೆಲ್ ಸ್ವತಃ ಡ್ರಮ್ಮರ್ ಆಗಿದ್ದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಕೇಳುಗನಿಗೆ ತಲುಪಬೇಕಾದದ್ದು ಅತ್ಯುತ್ತಮವಾದ ಹಾಡು. ಅದನ್ನು ತಲುಪಿಸುವ ಕೈ ಯಾವುದೆಂಬ ನಿರ್ಧಾರವನ್ನು ಆ ಕೆಲಸ ಬಲ್ಲವರಿಗೇ ಬಿಡಬೇಕು.

ವಿರೋಧ

ಮ್ಯಾನೇಜರುಗಳ ಪ್ರಸಂಗಗಳನ್ನು ನಾನೂ ಆಸಕ್ತಿಯಿಂದ ಓದಿದ್ದೇನೆ. ಆದರೆ ಅವೆಲ್ಲವೂ ಗೆದ್ದವರ ಕಡೆಯಿಂದ ಹೇಳಿದ ಕತೆಗಳು. ಬೀಟಲ್ಸ್ ಬ್ಯಾಂಡಿನ ಆಗಿನ ಡ್ರಮ್ಮರ್ ಪೀಟ್ ಬೆಸ್ಟ್ ಅವರನ್ನು ಕೈಬಿಟ್ಟದ್ದನ್ನು ಎಪ್‌ಸ್ಟೀನ್ 1964ರ ತಮ್ಮ ಆತ್ಮಕಥೆಯಲ್ಲಿ ಬರೆದಾಗ ಬೀಟಲ್ಸ್ ಆಗಲೇ ಜಗತ್ತನ್ನು ಗೆದ್ದಿದ್ದರು. ಫಲ ಒಳ್ಳೆಯದಾಯಿತಾದ್ದರಿಂದ ನಿರ್ಧಾರವೂ ಸರಿ ಎಂಬ ತೀರ್ಮಾನಕ್ಕೆ ಓದುಗ ತಾನಾಗಿಯೇ ಬಂದುಬಿಡುತ್ತಾನೆ. ಮಾರ್ಟಿನ್ ಕೇಳಿದ್ದು ಧ್ವನಿಮುದ್ರಣದ ಮಟ್ಟಿಗಿನ ಏರ್ಪಾಡು ಮಾತ್ರ ಎಂಬುದು ನಿಜ. ಆದರೆ 1962ರ ಆಗಸ್ಟ್ 16ರಂದು ಎಪ್‌ಸ್ಟೀನ್ ತಮ್ಮ ಕಚೇರಿಗೆ ಕರೆಸಿ ತಿಳಿಸಿದಾಗ ಬೆಸ್ಟ್ ಬ್ಯಾಂಡಿನಿಂದಲೇ ಹೊರಬಿದ್ದರು. ಜೊತೆಗಾರರ ಮನಸ್ಸಿನಲ್ಲಿ ಬೇರೆ ಕಾರಣಗಳೂ ಇದ್ದಿರಬಹುದು. ಸ್ಟುಡಿಯೋ ಒಬ್ಬನನ್ನು ಬೇಡವೆಂದಿತು ಎಂಬುದು ಆ ಕಾರಣಗಳಿಗೆಲ್ಲ ಸಿಕ್ಕ ಸಮ್ಮತಿಯಂತಾಯಿತು.

ಅವರ ಜಾಗಕ್ಕೆ ಬಂದ ರಿಂಗೋ ಸ್ಟಾರ್ ಅವರಿಗೂ ಅದೇ ಗತಿ. ಸೆಪ್ಟೆಂಬರ್ 4ರಂದು ಅವರು 'ಲವ್ ಮಿ ಡೂ' ನುಡಿಸಿದರು. ಒಂದೇ ವಾರದ ನಂತರ, 11ರಂದು, ಆ್ಯಂಡಿ ವೈಟ್ ಎಂಬ ಸೆಷನ್ ಡ್ರಮ್ಮರ್ ಅದೇ ಹಾಡಿಗೆ ಕೂತರು, ರಿಂಗೋ ಪಕ್ಕದಲ್ಲಿ ಟ್ಯಾಂಬೊರಿನ್ ಹಿಡಿದು ನಿಂತರು. ಆ ನೋವನ್ನು ಅವರು ದಶಕಗಳ ಕಾಲ ಮರೆಯಲಿಲ್ಲ. ಇಷ್ಟೆಲ್ಲ ಆದಮೇಲೆ ಅಕ್ಟೋಬರಿನಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂದ ಸಿಂಗಲ್ ಯಾವುದು? ರಿಂಗೋ ನುಡಿಸಿದ್ದೇ. ಅದು ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೇರಿತು. ವೈಟ್ ನುಡಿಸಿದ ಆವೃತ್ತಿ ಮರುವರ್ಷದ ಆಲ್ಬಮಿಗೆ ಹೋಯಿತು. ಸೆಷನ್ ಡ್ರಮ್ಮರ್ ಇಲ್ಲದೆ ಹಾಡು ನಿಲ್ಲುವುದೇ ಇಲ್ಲ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

ಬ್ಯಾಂಡು ಎಂದರೆ ನುರಿತ ಕೈಗಳ ಮೊತ್ತವಲ್ಲ, ಒಬ್ಬರಿಗೊಬ್ಬರು ಒಗ್ಗಿಕೊಂಡ ನಡೆ. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ನುಡಿಸುವುದನ್ನು ಗಮನವಿಟ್ಟು ನೋಡಿ: ಎಡಗೈ ಸ್ನೇರಿನ ಮೇಲೆ ಬೀಳುವ ಹೊತ್ತಿಗೆ ಬಲಗೈ ಹೈ-ಹ್ಯಾಟಿನಿಂದ (ಜೋಡಿ ತಾಳತಟ್ಟೆಗಳಿಂದ) ಮೇಲಕ್ಕೆ ಸರಿಯುತ್ತದೆ, ಆ ಮಾತ್ರೆಯಲ್ಲಿ ಹೈ-ಹ್ಯಾಟ್ ಸುಮ್ಮನಿರುತ್ತದೆ. ಅವರು ಕೀತ್ ರಿಚರ್ಡ್ಸ್ ಅವರ ಗಿಟಾರಿನ ಬೆನ್ನು ಹಿಡಿದು ಸಾಗುತ್ತಿದ್ದುದರಿಂದ ಇಡೀ ಬ್ಯಾಂಡು ಬೀಳುವಂತೆ ತೂಗಿ ಬೀಳದೆ ನಿಲ್ಲುವ ಒಂದು ಓಲಾಟ ಹುಟ್ಟಿತು. ಮೂರು ಗಂಟೆಗೆಂದು ಬಂದು ಹೋಗುವ ಡ್ರಮ್ಮರ್ ಎಷ್ಟೇ ಪ್ರತಿಭಾವಂತನಾದರೂ ಇಂಥದ್ದನ್ನು ತರಲಾರ, ಏಕೆಂದರೆ ಅದು ವರ್ಷಗಟ್ಟಲೆ ಜೊತೆಗಿದ್ದವರ ನಡುವೆ ಮಾತ್ರ ಬೆಳೆಯುತ್ತದೆ.

ಬರ್ಡ್ಸ್‌ನ ಕತೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಅವರ ಡ್ರಮ್ಮರ್ ಮೈಕಲ್ ಕ್ಲಾರ್ಕ್ ಆರಂಭದಲ್ಲಿ ಡ್ರಮ್ ಸೆಟ್ಟಿಲ್ಲದೆ ರಟ್ಟಿನ ಡಬ್ಬಗಳ ಮೇಲೆ ಅಭ್ಯಾಸ ಮಾಡುತ್ತಿದ್ದವರು. ಅದೇ ವರ್ಷ 'ಟರ್ನ್! ಟರ್ನ್! ಟರ್ನ್!' ಹಾಡಿಗೆ ಅವರೇ ನುಡಿಸಿದರು. ಮೆಕ್‌ಗ್ವಿನ್ ಹೇಳಿಕೊಂಡಂತೆ ಅದಕ್ಕೆ 77 ಟೇಕುಗಳು ಹಿಡಿದವು. ಹಿಡಿಯಲಿ. ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇ ಏರಿತು. ಡ್ರಮ್ಮರ್ ಕಲಿಯುವುದು ಹಾಗೆ, ಸ್ಟುಡಿಯೋದಿಂದ ಹೊರಗೆ ಕೂರಿಸಿದರೆ ಕಲಿಯುವುದಿಲ್ಲ.

ಇನ್ನು ಬದಲಿಗೆ ಬಂದವರ ಪಾಡು. 1964ರ ಜೂನ್‌ನಲ್ಲಿ ರಿಂಗೋ ಗಂಟಲುಬೇನೆಯಿಂದ ಆಸ್ಪತ್ರೆ ಸೇರಿದಾಗ ಜಿಮ್ಮಿ ನಿಕೋಲ್ ಎಂಬ ಸೆಷನ್ ಡ್ರಮ್ಮರ್‌ಗೆ ಕರೆ ಹೋಯಿತು. ಅಂದೇ ಅಭ್ಯಾಸ, ಮರುದಿನ ಕೋಪನ್‌ಹೇಗನ್ನಿನಲ್ಲಿ ಕಾರ್ಯಕ್ರಮ. ಬದಲಿ ಡ್ರಮ್ಮರನ್ನು ಕರೆದೊಯ್ಯುವುದಕ್ಕೆ ಬೀಟಲ್ಸ್ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಒಪ್ಪಿರಲಿಲ್ಲ, ಎಪ್‌ಸ್ಟೀನ್ ಮತ್ತು ಮಾರ್ಟಿನ್ ಒಪ್ಪಿಸಿದರು. ರಿಂಗೋ ಮರಳಿದ ಮೇಲೆ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಎಪ್‌ಸ್ಟೀನ್ 500 ಪೌಂಡಿನ ಚೆಕ್ಕನ್ನೂ ಕೃತಜ್ಞತೆಯ ಮಾತು ಕೆತ್ತಿಸಿದ ಚಿನ್ನದ ಗಡಿಯಾರವನ್ನೂ ಕೊಟ್ಟು ನಿಕೋಲ್ ಅವರನ್ನು ಬೀಳ್ಕೊಟ್ಟರು. ಮರುವರ್ಷ ನಿಕೋಲ್ ದಿವಾಳಿಯಾದರು. ಮ್ಯಾನೇಜರ್ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಆಗಿನ ಲೆಕ್ಕಕ್ಕೆ ಅದು ಸಣ್ಣ ಮೊತ್ತವಲ್ಲ. ಕೆಲಸ ಮುಗಿದೊಡನೆ ಸಂಬಂಧವೂ ಮುಗಿಯುವುದು ಆ ಏರ್ಪಾಡಿನ ಸ್ವರೂಪವೇ ಆಗಿತ್ತು.

ಸ್ಟುಡಿಯೋದಲ್ಲೂ ಅದೇ ಲೆಕ್ಕ. ಒಂದು ಬಾರಿಯ ಸಂಭಾವನೆ ಕೊಟ್ಟು ಹಕ್ಕು ಬರೆಸಿಕೊಂಡರೆ ಹಾಡು ಎಷ್ಟು ಲಕ್ಷ ಪ್ರತಿ ಮಾರಾಟವಾದರೂ ಡ್ರಮ್ಮರ್‌ಗೆ ರಾಯಧನವಿಲ್ಲ, ಅನೇಕ ಸಲ ಕವರಿನ ಮೇಲೆ ಹೆಸರೂ ಇಲ್ಲ. ಅಮೆರಿಕದಲ್ಲಿ ಡಿಜಿಟಲ್ ರೇಡಿಯೋ ಪ್ರಸಾರದ ಹಣದಲ್ಲಿ ಹಿನ್ನೆಲೆ ವಾದ್ಯಗಾರರೆಲ್ಲರಿಗೂ ಸೇರಿ ಶೇ 2.5ರ ಪಾಲು ಮಾತ್ರ. ಯುರೋಪಿನಲ್ಲಿ 2011ರ ನಿರ್ದೇಶನ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿ, ಆ ಹೆಚ್ಚುವರಿ ವರ್ಷಗಳ ಮಾರಾಟದ ಆದಾಯದಲ್ಲಿ ಶೇ 20ನ್ನು ಇಂಥ ವಾದ್ಯಗಾರರಿಗೆ ಮೀಸಲಿಡಬೇಕೆಂದಿತು. ಬ್ರಿಟನ್ನಿನಲ್ಲಿ ಅದು ಜಾರಿಯಾದದ್ದು 2013ರ ನವೆಂಬರಿನಲ್ಲಿ. ಕಿಂಕ್ಸ್ ಹಾಡಿಗೆ ನುಡಿಸಿದ ಬಾಬಿ ಗ್ರಹಾಂ 2009ರಲ್ಲೇ ತೀರಿಕೊಂಡಿದ್ದರು.

ಡೈರ್ ಸ್ಟ್ರೇಟ್ಸ್‌ನ ಉದಾಹರಣೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದು ಅಪವಾದ. ಹೊರಗಿನ ಡ್ರಮ್ಮರ್ ಬೇಕೇ ಬೇಕೆನ್ನುವವರು ಆ ಹೆಸರನ್ನು ಹಾಡಿನ ಜೊತೆಗೇ ಪ್ರಕಟಿಸಲಿ, ಐವತ್ತು ವರ್ಷ ಕಾಯಿಸದೆ ಮೊದಲ ಪ್ರತಿಯ ಮಾರಾಟದಿಂದಲೇ ಪಾಲು ಕೊಡಲಿ, ಬ್ಯಾಂಡಿನ ಡ್ರಮ್ಮರ್‌ಗೆ ಮುಂದಿನ ಹಾಡಿನ ಅವಕಾಶವನ್ನು ಬರಹದಲ್ಲಿ ಖಾತರಿಪಡಿಸಲಿ. ಇಷ್ಟಕ್ಕೆ ಸಿದ್ಧರಿಲ್ಲದವರು 77 ಟೇಕುಗಳಾದರೂ ಸರಿ, ಬ್ಯಾಂಡಿನ ಡ್ರಮ್ಮರ್‌ನಿಂದಲೇ ನುಡಿಸಬೇಕು.