ಹಾರ್ಮೋನ್ ಚಿಕಿತ್ಸೆ ಬಗ್ಗೆ ಹೀಗೆ ಹೆದರಿಸಬೇಡಿ

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಾರ್ಮೋನ್ ತಗೊಂಡರೆ ಎಲ್ಲರಿಗೂ ಅಪಾಯ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಈ ಭಯ ದೊಡ್ಡದಾಗಿದ್ದು ಅಮೆರಿಕದಲ್ಲಿ 2002ರಲ್ಲಿ ಬಂದ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ನಲವತ್ತರ ಆಸುಪಾಸಿನವರ ಲೆಕ್ಕ ಬೇರೆ ಅಲ್ವಾ? 60 ತುಂಬುವ ಮುಂಚೆ ಶುರು ಮಾಡುವ, ಬೇರೆ ತೊಂದರೆ ಇಲ್ಲದ ಹೆಚ್ಚಿನವರಿಗೆ ಲಾಭವೇ ಜಾಸ್ತಿ.

ಮುಟ್ಟು ನಿಲ್ಲುವ ಹೊತ್ತಿಗೆ ರಾತ್ರಿ ಮೈ ಬೆವರುವುದುಂಟು, ಆದರೆ ನಮ್ಮ ದಾವಣಗೆರೆಯಲ್ಲಿ ಅದನ್ನು ಸೆಖೆ ಅಂತ ಸುಮ್ನಾಗುತ್ತಾರೆ. ಜನವರಿ ಚಳಿಯಲ್ಲೂ ಬೆವರಿ ಎದ್ದು ಕೂರುವಂತಾದಾಗ ನಾನು ಡಾಕ್ಟರ್ ಹತ್ತಿರ ಹೋದೆ. ಮೊದಲು ಕೊಟ್ಟ ಮಾತ್ರೆ ಒಗ್ಗಲಿಲ್ಲ, ತಲೆನೋವು. ಈಗ ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಇರುವ, ಚರ್ಮಕ್ಕೆ ಹಚ್ಚುವ ಜೆಲ್; ಮಲಗುವಾಗ ಗರ್ಭಕೋಶದ ಒಳಪದರ ಕಾಯುವ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್. ನಿದ್ದೆ ಬರುತ್ತಿದೆ! ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಕಡಿಮೆ. ಆದರೆ ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತಗೋಬಾರದು. ಒಳಪದರ ದಪ್ಪವಾಗಿ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಮೊದಲು ಅದರ ತಪಾಸಣೆ ಆಗಲಿ. ಅಕ್ಕಪಕ್ಕದವರ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳಬೇಡಿ. ಮೂರು ತಿಂಗಳಾದರೂ ಹಿತ ಎನಿಸದಿದ್ದರೆ ಡೋಸ್ ಬದಲಿಸಲು ಡಾಕ್ಟರನ್ನು ಧೈರ್ಯವಾಗಿ ಕೇಳಿ.