ಬಾಟಲಿ ಬೇಡವೆಂದರೆ ಚೀಲವೂ ಇಲ್ಲವಂತೆ

ಇವತ್ತು ತೀರ್ಥಹಳ್ಳಿಯ ಗೊಬ್ಬರದಂಗಡಿಯಲ್ಲಿ ಗದ್ದೆಗೆ ಮೇಲುಗೊಬ್ಬರಕ್ಕೆಂದು ಯೂರಿಯಾ ಕೇಳಿದೆ. ಚೀಲದ ಜೊತೆಗೆ ಒಂದು ನ್ಯಾನೋ ಯೂರಿಯಾ (ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ) ಬಾಟಲಿಯನ್ನೂ ಬಿಲ್ಲಿಗೆ ಸೇರಿಸಿದರು. ಬೇಡ ಎಂದೆ. "ಹಾಗಾದರೆ ಚೀಲವೂ ಇಲ್ಲ ಮೇಷ್ಟ್ರೇ, ನಮಗೆ ಮೇಲಿನಿಂದ ಬರುವುದೇ ಹೀಗೆ" ಎಂದರು.

ನಿವೃತ್ತನಾದರೂ ಲೆಕ್ಕ ಮರೆತಿಲ್ಲ. 45 ಕಿಲೋ ಚೀಲದಲ್ಲಿ ಶೇ. 46 ಸಾರಜನಕ, ಅಂದರೆ 20 ಕಿಲೋಗಿಂತ ಹೆಚ್ಚು. 2021ರಲ್ಲಿ ಮಾರುಕಟ್ಟೆಗೆ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಇದ್ದದ್ದು ಶೇ. 4, ಅಂದರೆ 20 ಗ್ರಾಂ. ಈ ಬಾಟಲಿ ಆ ಚೀಲಕ್ಕೆ ಸಮ ಎಂದು ಜಾಹೀರಾತು! ಕಣ ಬಹಳ ಸಣ್ಣದು, ಎಲೆಯ ಮೇಲಿನ ಸೂಕ್ಷ್ಮ ತೂತುಗಳಿಂದ (ಪತ್ರರಂಧ್ರ) ನೇರ ಒಳಗೆ ಹೋಗುತ್ತದೆ, ಪೋಲಾಗುವುದಿಲ್ಲ ಎಂಬುದು ವಿವರಣೆ. ಆಗಲಿ, ಒಂದು ಹನಿಯೂ ಪೋಲಾಗಲಿಲ್ಲ ಎಂದೇ ಇಟ್ಟುಕೊಳ್ಳೋಣ. 20 ಗ್ರಾಂ 20 ಕಿಲೋ ಆಗುವುದು ಹೇಗೆ? (ಆಮೇಲೆ ಸಾರಜನಕದ ಪ್ರಮಾಣ ಏರಿಸಿದ್ದಾರೆ. ಆದರೂ ಲೆಕ್ಕ ಗ್ರಾಂನಲ್ಲೇ ಇದೆ.) ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಯೂರಿಯಾ ಕಡಿಮೆ ಮಾಡಿ ಇದನ್ನು ಸಿಂಪಡಿಸಿ ನೋಡಿದಾಗ ಗೋಧಿಯ ಇಳುವರಿ ಶೇ. 21.6, ಭತ್ತದ್ದು ಶೇ. 13 ಕುಸಿಯಿತು. ತಯಾರಕರು ಇದನ್ನು ಒಪ್ಪಲಿಲ್ಲ, ಬಿಡಿ.

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಜೀವನಪೂರ್ತಿ ಅದನ್ನೇ ಪಾಠ ಮಾಡಿದವನು ನಾನು. 2007ರಲ್ಲಿ ಕೇಂದ್ರ ಸರ್ಕಾರ ನ್ಯಾನೋ ಮಿಷನ್‌ಗೆ, ಅಂದರೆ ಅತಿಸೂಕ್ಷ್ಮ ಕಣಗಳ ವಿಜ್ಞಾನದ ಸಂಶೋಧನಾ ಯೋಜನೆಗೆ, 1000 ಕೋಟಿ ರೂಪಾಯಿ ಎತ್ತಿಟ್ಟಿತು. ಕೃಷಿ, ಆಹಾರದ ನ್ಯಾನೋ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಎಂಬ ಮಾರ್ಗಸೂಚಿ ಬಂದದ್ದು 2020ರಲ್ಲಿ. ಮರುವರ್ಷವೇ ಬಾಟಲಿ ಅಂಗಡಿಯಲ್ಲಿತ್ತು. ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಯ ಸಹಿ ಬೇಕು. ನನ್ನ ಗದ್ದೆಯ ಪ್ರಯೋಗಕ್ಕೆ ನನ್ನ ದುಡ್ಡು ಬೇಕು, ಒಪ್ಪಿಗೆ ಮಾತ್ರ ಬೇಡ.

"ಚೀಲದ ಯೂರಿಯಾ ಮಣ್ಣು ನೀರು ಎರಡನ್ನೂ ಕೆಡಿಸುತ್ತದೆ, ಸರ್ಕಾರಕ್ಕೆ ಸಬ್ಸಿಡಿ ಹೊರೆ ಬೇರೆ. ನಿಮಗೆ ಹೊಸದೆಂದರೆ ಹೆದರಿಕೆ ಮಾವ" ಎನ್ನುತ್ತಾನೆ ಬೆಂಗಳೂರಿನ ಅಳಿಯ. ಕೆಡಿಸುವುದು ನಿಜ. ಆದರೆ ಅಷ್ಟು ಒಳ್ಳೆಯ ಸರಕನ್ನು ಕುತ್ತಿಗೆ ಹಿಡಿದು ಮಾರುವ ಗತಿ ಏಕೆ ಬಂತು? ಅವನಿಗೆ ನಮ್ಮ ಪುನರ್ವಸು ಮಳೆಯ ನೆನಪೂ ಹೋದಂತಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೇ, ಮಳೆಗೆ ತೊಳೆದುಹೋಗದಿರಲೆಂದು ಅಂಟು ಬೆರೆಸುವವರು ನಾವು. ಈ ಮಳೆಯಲ್ಲಿ ಭತ್ತದ ಎಲೆಯ ಮೇಲೆ ಇದು ಎಷ್ಟು ಹೊತ್ತು ನಿಂತೀತು?

ಸಾಗರದ ಹತ್ತಿರ ಇರುವಕ್ಕಿಯಲ್ಲಿ ನಮ್ಮದೇ ಕೃಷಿ ವಿಶ್ವವಿದ್ಯಾಲಯವಿದೆ. ನಮ್ಮ ಕಡೆಯ ಗದ್ದೆಗಳಲ್ಲಿ, ನಮ್ಮ ಮಳೆಯಲ್ಲಿ, ಚೀಲ, ಬಾಟಲಿ ಎರಡನ್ನೂ ಅಕ್ಕಪಕ್ಕ ಹಾಕಿ ಬೆಳೆಸಿ ತೋರಿಸಲಿ. ಫಲಿತಾಂಶ ಏನೇ ಬರಲಿ, ಗೊಬ್ಬರದಂಗಡಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಕೊಳ್ಳಬೇಕೋ ಬೇಡವೋ ಎಂದು ಆಮೇಲೆ ನಾವೇ ನೋಡಿಕೊಳ್ಳುತ್ತೇವೆ.